ಮರಳಿ ಬಂದವರಿಗೂ ಮೊದಲ ಪಾಠ ಬೇಕು

ಮಾನ್ಯ ಸಂಪಾದಕರೇ,

ನಾನು ಮಂಗಳೂರಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ, ವಯಸ್ಸು 38. ಎದುರಾಳಿಯನ್ನು ನೆಲಕ್ಕೆ ಕೆಡವಿ ಪಟ್ಟು ಹಾಕಿ ಸೋಲಿಸುವ ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಕುಸ್ತಿಯಂಥ ವಿದ್ಯೆಯ ತರಗತಿಗೆ ಸೇರಿ ಐದು ತಿಂಗಳು ತಪ್ಪದೆ ಹೋಗಿದ್ದೆ. ತಾಯಿಯವರ ಅನಾರೋಗ್ಯದಿಂದ ಹನ್ನೊಂದು ತಿಂಗಳು ಬಿಡಬೇಕಾಯಿತು. ಕಳೆದ ಜೂನ್‌ನಲ್ಲಿ ಮತ್ತೆ ಆರಂಭಿಕರ ಬಿಳಿ ಬೆಲ್ಟ್ ಕಟ್ಟಿದೆ. ಹೀಗೆ ನಡುವೆ ಬಿಟ್ಟು ಮರಳುವವರ ವಿಷಯದಲ್ಲಿ ತರಬೇತುದಾರರ ಗಮನ ಸೆಳೆಯಲು ಈ ಪತ್ರ.

ಮರಳಿದ ಮೊದಲ ಸಂಜೆ ಹೊಸಬರನ್ನು ಒಂದು ಮೂಲೆಯಲ್ಲಿ ಪ್ರತ್ಯೇಕವಾಗಿ ಕೂರಿಸಿ ಪಾಠ ಹೇಳಿದರು. ನಾನು ಹಳೆಯ ವಿದ್ಯಾರ್ಥಿಯೆಂದು ನೇರವಾಗಿ ಐದು ನಿಮಿಷದ ಸೆಣಸಾಟಕ್ಕೆ ಇಳಿಸಿದರು. ಜೊತೆಗಾರ ಕಾಲೇಜು ಹುಡುಗ. ಅವನು ನನ್ನ ಎದೆಯ ಮೇಲೆ ಕುಳಿತಾಗ ಮಾಡಬೇಕಾದದ್ದು ನನಗೆ ಗೊತ್ತಿತ್ತು: ಮೊಣಕೈಗಳನ್ನು ಪಕ್ಕೆಗೆ ಒತ್ತಿಟ್ಟುಕೊಂಡು, ಮಗ್ಗುಲಿಗೆ ಹೊರಳಿ, ಸೊಂಟವನ್ನು ಹಿಂದಕ್ಕೆ ಸರಿಸಿ, ಸಿಕ್ಕ ಸಂದಿಯಲ್ಲಿ ಮೊಣಕಾಲು ತೂರಿಸಬೇಕು. ಆದರೆ ಸೊಂಟ ಅಲುಗಲಿಲ್ಲ, ಉಸಿರು ಕಟ್ಟಿತು, ಎರಡೂ ಕೈಗಳನ್ನು ನೆಟ್ಟಗೆ ಚಾಚಿ ಅವನನ್ನು ತಳ್ಳಿದೆ. ಮಾಡಲೇಬಾರದೆಂದು ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದ ತಪ್ಪು ಅದು. ಚಾಚಿದ ಕೈ, ಮೊಣಕೈಯನ್ನು ಹಿಮ್ಮುಖವಾಗಿ ಬಗ್ಗಿಸುವ ಆರ್ಮ್‌ಬಾರ್ ಪಟ್ಟಿಗೆ ತಾನಾಗಿ ಸಿಕ್ಕಿಬೀಳುತ್ತದೆ. ಕೂಡಲೇ ಮೈ ತಟ್ಟಿ ಸೋಲೊಪ್ಪುವ ಬದಲು, ಹಳಬನೆಂಬ ಹಮ್ಮಿನಿಂದ ಕ್ಷಣಕಾಲ ತಡೆದೆ. ನಾನು ತಟ್ಟಿದೊಡನೆ ಹುಡುಗ ಬಿಟ್ಟ, ಅವನ ತಪ್ಪೇನೂ ಇಲ್ಲ. ಆದರೂ ಎರಡು ವಾರ ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಬಲಗೈ ಏಳಲಿಲ್ಲ.

ಬಿಟ್ಟು ಬಂದವನ ಅಪಾಯ ಹೊಸಬನದಕ್ಕಿಂತ ಹೆಚ್ಚೆಂದು ನನಗೆ ಮನವರಿಕೆಯಾಗಿದೆ. ಹೊಸಬನಿಗೆ ತನಗೆ ಬಾರದೆಂಬ ಅರಿವಿರುತ್ತದೆ. ಮರಳಿದವನಿಗೆ ಪಟ್ಟುಗಳ ಹೆಸರು ನೆನಪಿರುತ್ತದೆ, ಮೈಗೆ ಮರೆತಿರುತ್ತದೆ, ಆ ಕೊರತೆಯನ್ನು ಅವನು ಬಲದಿಂದ ತುಂಬಿಸಲು ಹೋಗುತ್ತಾನೆ. ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸಿದರೂ ಕೀಲುಗಳ ಸ್ನಾಯುಬಂಧ ಅಷ್ಟು ಬೇಗ ಹದಗೊಳ್ಳುವುದಿಲ್ಲ. ಬಲಪ್ರಯೋಗವಂತೂ ಈ ವಿದ್ಯೆಗೇ ವಿರುದ್ಧವಾದದ್ದು. 1914ರಲ್ಲಿ ಬ್ರೆಜಿಲ್‌ಗೆ ಹೋದ ಜಪಾನಿನ ಜೂಡೊ ಪಟು ಮಿತ್ಸುಯೊ ಮಯೆದ ಅವರಿಂದ ಕಾರ್ಲೋಸ್ ಗ್ರೇಸಿ ಕಲಿತದ್ದನ್ನು, ಸಣ್ಣ ಮೈಕಟ್ಟಿನ ತಮ್ಮ ಹೀಲಿಯೊ ಗ್ರೇಸಿ ತನ್ನ ದೇಹಕ್ಕೆ ಒಗ್ಗುವಂತೆ ತಿದ್ದಿಕೊಂಡರು. ಕೆಳಗೆ ಬಿದ್ದ ದುರ್ಬಲನೂ ಸನ್ನೆಕೋಲಿನ ಯುಕ್ತಿಯಿಂದ ಉಳಿಯಬಲ್ಲ ಎಂಬುದೇ ಇದರ ಹೆಗ್ಗಳಿಕೆ.

ಈ ವಿದ್ಯೆಯ ಅಂತರರಾಷ್ಟ್ರೀಯ ಒಕ್ಕೂಟದ ಸ್ಪರ್ಧಾ ನಿಯಮಗಳು ಬಿಳಿ ಬೆಲ್ಟಿನವರಿಗೆ ಹಿಮ್ಮಡಿ ತಿರುಚುವ ಪಟ್ಟನ್ನೂ ಮಣಿಕಟ್ಟು ಮಡಿಸುವ ಪಟ್ಟನ್ನೂ ನಿಷೇಧಿಸಿವೆ. ಸ್ಪರ್ಧೆಯಲ್ಲೇ ಇಷ್ಟು ಕಾಳಜಿ ಇರುವಾಗ ದಿನನಿತ್ಯದ ತರಗತಿಯಲ್ಲಿ ಏಕಿರಬಾರದು? ಮರಳಿ ಬಂದವರಿಗೆ ಮೊದಲ ಮೂರು ವಾರ ಸೊಂಟ ಸರಿಸುವ, ಹೊರಳುವ, ಸೇತುವೆಯಂತೆ ಮೈ ಎತ್ತುವ ಅಭ್ಯಾಸಗಳನ್ನಷ್ಟೇ ಕೊಟ್ಟು, ಬಳಿಕ ಅನುಭವಿ ಜೊತೆಗಾರರೊಂದಿಗೆ, ಕೀಲು ತಿರುಚುವ ಮತ್ತು ಕತ್ತು ಬಿಗಿಯುವ ಪಟ್ಟುಗಳಿಲ್ಲದೆ, ತಪ್ಪಿಸಿಕೊಳ್ಳುವುದನ್ನು ಮಾತ್ರ ಆಡಿಸಬೇಕೆಂದು ವಿನಂತಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮರಳುವವರು ಎರಡು ಜೊತೆ ಸಮವಸ್ತ್ರ ಇಟ್ಟುಕೊಳ್ಳುವುದೂ ಒಳಿತು. ಆ ದಪ್ಪ ಹತ್ತಿಬಟ್ಟೆ ಮೂರು ದಿನವಾದರೂ ಒಣಗದು, ಹಸಿಬಟ್ಟೆಯಲ್ಲೇ ಉರುಳಾಡಿದರೆ ಗಜಕರ್ಣ ಒಬ್ಬರಿಂದೊಬ್ಬರಿಗೆ ಹರಡುತ್ತದೆ.

ಕೈ ವಾಸಿಯಾದ ಮೇಲೆ ನಾನು ಬೇರೊಂದು ಕಡೆ ಸೇರಿದೆ. ಅಲ್ಲಿನ ಗುರುಗಳು ಮೊದಲು ಕೇಳಿದ್ದು, "ಬಿಟ್ಟು ಎಷ್ಟು ತಿಂಗಳಾಯಿತು?" ಎಂದು. ಹತ್ತು ತರಗತಿಗಳವರೆಗೆ ಮ್ಯಾಟಿನ ಈ ತುದಿಯಿಂದ ಆ ತುದಿಗೆ ಸೊಂಟ ಸರಿಸಿಕೊಂಡು ಹೋಗುವುದನ್ನೇ ಮಾಡಿಸಿದರು. ಹನ್ನೊಂದನೆಯ ದಿನ ನನ್ನ ದುಪ್ಪಟ್ಟು ತೂಗುವ ಜೊತೆಗಾರರ ಕೆಳಗಿನಿಂದ, ಕೈ ಚಾಚದೆ, ಮೊಣಕಾಲು ತೂರಿಸಿ ಹೊರಬಂದೆ.

– ಓದುಗ, ಕದ್ರಿ, ಮಂಗಳೂರು