ಟ್ಯಾಂಕಿಗೆ ಇಳಿಯುವ ಮುಂಚೆ: ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ, ಅಂಬರನಾಥ, ತಳೋಜಾ ಎಂಐಡಿಸಿಗಳಲ್ಲಿ (ಮಹಾರಾಷ್ಟ್ರದ ಕೈಗಾರಿಕಾ ಪ್ರದೇಶಗಳಲ್ಲಿ) ದುಡಿಯುವ ನಮ್ಮವರು ದಯವಿಟ್ಟು ಪೂರ್ತಿ ಓದಿ.

ಮಳೆಗಾಲದ ಮುಂಚಿನ ಶಟ್‌ಡೌನ್ ಶುರುವಾಗಿದೆ. ರಿಯಾಕ್ಟರ್ (ರಾಸಾಯನಿಕ ತಯಾರಿಸುವ ಪಾತ್ರೆ), ಇಟಿಪಿ (ಕೊಳಕು ನೀರು ಶುದ್ಧೀಕರಿಸುವ ಘಟಕ) ಟ್ಯಾಂಕ್ ತೊಳೆಯುವ ಕೆಲಸ ಜಾಸ್ತಿ. ಭಾನುವಾರ ಬೆಳಿಗ್ಗೆ 10ಕ್ಕೆ ಎಂದಿನ ಜಾಗದಲ್ಲೇ ಇದರ ಬಗ್ಗೆ ಒಂದು ಗಂಟೆ ಮಾತಾಡೋಣ. ಗುತ್ತಿಗೆಯ ಹುಡುಗರನ್ನು ಮರೆಯದೆ ಕರೆತನ್ನಿ, ಒಳಗೆ ಇಳಿಯುವವರು ಅವರೇ ತಾನೆ.

ಅಲ್ಲಿಯವರೆಗೆ ಇಷ್ಟು ನೆನಪಿರಲಿ. ಪರ್ಮಿಟ್ ಇಲ್ಲದೆ ಇಳಿಯಬೇಡಿ. ವಾಲ್ವ್ ಮುಚ್ಚಿದರೆ ಸಾಲದು, ಲೈನಿಗೆ ಬ್ಲೈಂಡ್ (ಪೈಪನ್ನು ಪೂರ್ತಿ ಮುಚ್ಚುವ ಲೋಹದ ತಟ್ಟೆ) ಹಾಕಿರಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಬೇಡವೇ ಬೇಡ. "ವಾಸನಿ ಬರವಲ್ದು, ಗ್ಯಾಸ್ ಇಲ್ಲ ಬಿಡು" ಅನ್ನೋ ಮಾತನ್ನಂತೂ ನಂಬಲೇಬೇಡಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹತ್ತಿರ ಹೋದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಅದಕ್ಕೇ ಗ್ಯಾಸ್ ಅಳೆಯುವ ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಹಿಡಿಯಿರಿ. ಯಾರಾದರೂ ಒಳಗೆ ಕುಸಿದರೆ ನೀವೂ ಧುಮುಕಬೇಡಿ; ಎತ್ತಲು ಹೋದವರೇ ಸತ್ತದ್ದು ಎಷ್ಟೋ ಸಲ. ಕೂಗಿ ಜನ ಸೇರಿಸಿ, ಉಸಿರಾಟದ ಸೆಟ್ ಬರಲಿ.

ಬರುವವರು ಎಷ್ಟು ಜನ ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ನೈಟ್ ಶಿಫ್ಟಿನವರಿಗೆ ಸಂಜೆ ಬೇಕಿದ್ದರೆ ಹೇಳಿ, ಇನ್ನೊಮ್ಮೆ ಕೂರೋಣ. ಮತ್ತೆ, ಎರಡು ದಿನ ಗುಡ್ ಮಾರ್ನಿಂಗ್ ಚಿತ್ರಗಳಿಗೆ ಸ್ವಲ್ಪ ರಜೆ ಕೊಡಿ, ಈ ಸೂಚನೆ ಮೇಲೇ ಕಾಣಲಿ.