ಕ್ರೋನೊಗ್ರಾಫ್ ವಾಚ್‌ಗೆ ಇನ್ನು ಮುಂದೆ ನಿಂತ ಕಾಲಲ್ಲಿ ಸೆಲ್ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸ್ಟೀಲ್ ಕೇಸಿನ ಸ್ಪೋರ್ಟ್ಸ್ ಕ್ರೋನೊಗ್ರಾಫ್ ವಾಚ್‌ಗಳಿಗೆ, ಅಂದರೆ ಒಳಗೇ ಸ್ಟಾಪ್‌ವಾಚ್ ಇದ್ದು, ಪಕ್ಕದಲ್ಲಿ ಕೀ ಜೊತೆಗೆ ಎರಡು ಬಟನ್, ಡಯಲ್ ಒಳಗೆ ಎರಡು ಮೂರು ಪುಟ್ಟ ಡಯಲ್ ಇರುವಂಥವಕ್ಕೆ, ನೀವು ಕೌಂಟರ್ ಮುಂದೆ ನಿಂತಿರುವಾಗಲೇ ಸೆಲ್ ಹಾಕಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ವಾಚನ್ನು ಎರಡು ದಿನ ನಮ್ಮಲ್ಲಿ ಬಿಟ್ಟು ಹೋಗಬೇಕು. ರೇಟು ₹200 ಇದ್ದದ್ದು ₹649 ಆಗುತ್ತದೆ. ಅದರಲ್ಲಿ ಸೆಲ್, ಹಿಂದಿನ ಮುಚ್ಚಳದ ಹೊಸ ವಾಷರ್, ಬಟನ್‌ಗಳ ಕ್ಲೀನಿಂಗ್, ನೀರಿನ ಪ್ರೆಶರ್ ಟೆಸ್ಟ್, ಜಿಎಸ್‌ಟಿ ಎಲ್ಲ ಬಂತು.

ಸಾದಾ ಮೂರು ಮುಳ್ಳಿನ ವಾಚು, ಲೇಡೀಸ್ ವಾಚು, ಗೋಡೆ ಗಡಿಯಾರ, ಕೀ ಕೊಡುವ ಎಚ್‌ಎಂಟಿ, ಇವು ಯಾವುದಕ್ಕೂ ಬದಲಾವಣೆ ಇಲ್ಲ. ಸುದ್ದಿ ಹೇಗೋ ಹಬ್ಬಿ, ಎಚ್‌ಎಂಟಿಯ ಜನತಾ, ಪೈಲಟ್, ಕೋಹಿನೂರ್ ಇಟ್ಟುಕೊಂಡಿರುವ ಹಿರಿಯರು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ನಿಮಗೆ ಹಳೇ ರೇಟು, ಹಳೇ ಕುರ್ಚಿ, ಎಂದಿನ ಹಾಗೆ ಕೂತು ಮಾತಾಡಿಕೊಂಡು ವಾಚು ತೆಗೆದುಕೊಂಡು ಹೋಗಬಹುದು.

ಕೆಲಸ ಬಿಟ್ಟು ಎರಡು ಸಲ ಬರಬೇಕಾಗುತ್ತದೆ, ಎರಡು ದಿನ ಕೈ ಖಾಲಿ ಇರುತ್ತದೆ. ಕಾಯಿಸುವುದಕ್ಕೆ ನಿಜವಾಗಿಯೂ ಕ್ಷಮೆ ಕೇಳುತ್ತೇವೆ. ರೇಟಿಗೆ ಮಾತ್ರ ಕೇಳುವುದಿಲ್ಲ. ಯಾಕೆ ಎನ್ನುವುದಕ್ಕೇ ಈ ಪತ್ರ.

ಕೌಂಟರಿನಲ್ಲಿ, ಫೋನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ನಾವು ಕೇಳಿಸಿಕೊಳ್ಳುವ ಮಾತು ಒಂದೇ: “ಒಂದು ಸೆಲ್ ಹಾಕೋಕೆ ಆರ್ನೂರೈವತ್ತಾ? ಬಸ್ ಸ್ಟ್ಯಾಂಡ್ ಹತ್ರ ನೂರು ರೂಪಾಯಿಗೆ ಐದು ನಿಮಿಷದಲ್ಲಿ ಹಾಕಿಕೊಡ್ತಾರಲ್ರೀ!”

ಹಾಕಿಕೊಡುತ್ತಾರೆ, ಸುಳ್ಳಲ್ಲ. ಅವರ ಹೊಟ್ಟೆಪಾಡಿಗೆ ನಾವು ಕಲ್ಲು ಹಾಕುವುದಿಲ್ಲ. ಸಾದಾ ವಾಚಿಗೆ ಅಷ್ಟು ಕೆಲಸ ಸಾಕು ಕೂಡ. ಆದರೆ ಮುಚ್ಚಳದ ಮೇಲೆ ‘10 ಬಾರ್’ (ತಡೆಯುವ ನೀರಿನ ಒತ್ತಡದ ಅಳತೆ; 100 ಮೀಟರ್ ಎಂದು ಬರೆಯುವುದೂ ಅದನ್ನೇ) ಎಂದು ಕೊರೆದಿರುವ ಕ್ರೋನೊಗ್ರಾಫನ್ನು ಐದು ನಿಮಿಷದಲ್ಲಿ ಬಿಚ್ಚಿ ಮುಚ್ಚಿದರೆ ಏನೇನು ಬಿಟ್ಟುಹೋಗುತ್ತದೆ ಎಂದು ಒಮ್ಮೆ ಕೇಳಿಸಿಕೊಳ್ಳಿ.

ಮೊದಲು ಸೆಲ್. ಈ ವಾಚುಗಳಲ್ಲಿ ಹೆಚ್ಚಾಗಿ ಕಾಣುವುದು ಎಸ್‌ಆರ್927 ಇಲ್ಲವೇ ಎಸ್‌ಆರ್936. ಅಂಕಿಗಿಂತ ಮೊದಲ ಎರಡು ಅಕ್ಷರ ಮುಖ್ಯ. ಎಸ್‌ಆರ್ ಎಂದರೆ ಸಿಲ್ವರ್ ಆಕ್ಸೈಡ್, ಎಲ್‌ಆರ್ ಎಂದರೆ ಆಲ್ಕಲೈನ್. 927 ಎಂದಿದ್ದರೆ ಎರಡೂ 9.5 ಮಿ.ಮೀ. ಅಗಲ, 2.7 ಮಿ.ಮೀ. ದಪ್ಪ, ಹಾಗಾಗಿ ಅದೇ ಗೂಡಿನಲ್ಲಿ ಎರಡೂ ಕೂರುತ್ತವೆ, ವಾಚೂ ಓಡುತ್ತದೆ. ಸಿಲ್ವರ್ ಆಕ್ಸೈಡ್ ಸೆಲ್ ಮುಗಿಯುವ ಹಂತದವರೆಗೂ 1.55 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಲ್ಕಲೈನ್ ಹಾಗಲ್ಲ, ಬಳಸಿದಂತೆಲ್ಲ ಇಳಿಯುತ್ತಾ ಹೋಗುತ್ತದೆ. ಸ್ಟಾಪ್‌ವಾಚ್ ಒತ್ತಿದಾಗ ಕರೆಂಟು ಜಾಸ್ತಿ ಬೇಕು. ಆಗ ಮುಳ್ಳು ತಡವರಿಸಲು ಶುರು. ಅದಕ್ಕಿಂತ ದೊಡ್ಡ ತೊಂದರೆ ಸೋರುವುದು. ಸತ್ತ ಆಲ್ಕಲೈನ್ ಸೆಲ್ಲನ್ನು ಹಾಗೇ ಬಿಟ್ಟರೆ ಬಿಳಿ ಪುಡಿ ಕಕ್ಕಿ, ಕೂದಲಿಗಿಂತ ತೆಳ್ಳಗಿನ ಕಾಯಿಲ್ ತಂತಿಯನ್ನು ತಿಂದುಹಾಕುತ್ತದೆ. ಆಮೇಲೆ ಪೂರ್ತಿ ಮಷೀನೇ ಬದಲಾಯಿಸಬೇಕು. ಅಸಲಿ ಸಿಲ್ವರ್ ಆಕ್ಸೈಡ್ ಸೆಲ್ ನಮಗೆ ಬೀಳುವುದೇ ₹90ರ ಹತ್ತಿರ. ಹತ್ತು ಆಲ್ಕಲೈನ್ ಸೆಲ್ ಇರುವ ಪೂರ್ತಿ ಕಾರ್ಡು ಹೆಚ್ಚುಕಡಿಮೆ ಅದೇ ದುಡ್ಡಿಗೆ ಸಿಗುತ್ತದೆ. ಬೆಳ್ಳಿ ಕೆಜಿಗೆ ಲಕ್ಷ ದಾಟಿದ ಮೇಲಂತೂ ಹೋಲ್‌ಸೇಲಿನವರು ಮಾತೆತ್ತಿದರೆ ಬೆಳ್ಳಿ ರೇಟು ತೋರಿಸುತ್ತಾರೆ.

ಸೆಲ್ ಹಾಕಿದ ಕೂಡಲೇ ಕೆಲಸ ಮುಗಿಯುವುದೂ ಇಲ್ಲ. ಅನೇಕ ಕ್ರೋನೊಗ್ರಾಫ್ ಮಷೀನುಗಳಲ್ಲಿ ‘ಎಸಿ’ ಎಂದು ಗುರುತು ಮಾಡಿದ ಪುಟ್ಟ ಚುಕ್ಕೆ ಇರುತ್ತದೆ. ಚಿಮಟದ ಒಂದು ತುದಿ ಅದರ ಮೇಲೆ, ಇನ್ನೊಂದು ತುದಿ ಸೆಲ್ಲಿನ ಪ್ಲಸ್ ಮೇಲೆ ಇಟ್ಟು ಎರಡು ಸೆಕೆಂಡ್ ತಾಗಿಸಬೇಕು. ಸರ್ಕ್ಯೂಟ್ ತನ್ನ ಲೆಕ್ಕ ಹೊಸದಾಗಿ ಶುರು ಮಾಡುವುದು ಆಗಲೇ. ಇದನ್ನು ಬಿಟ್ಟರೆ ಟೈಮು ಸರಿಯಾಗಿ ತೋರಿಸಿದರೂ ಸ್ಟಾಪ್‌ವಾಚ್ ಎಲ್ಲೆಲ್ಲೋ ನಿಲ್ಲಬಹುದು. ಆಮೇಲೆ ಕೀ ಹೊರಗೆಳೆದು, ಬಟನ್ ಒತ್ತಿ ಒತ್ತಿ, ಒಂದೊಂದೇ ಮುಳ್ಳನ್ನು ಸೊನ್ನೆಗೆ ತಂದು ಕೂರಿಸಬೇಕು. “ಸೆಲ್ ಹಾಕಿಸಿದ ಮೇಲೆ ದೊಡ್ಡ ಮುಳ್ಳು ಹನ್ನೆರಡಕ್ಕೆ ಬರ್ತಿಲ್ಲ” ಎಂದು ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಕಥೆ ಇಷ್ಟೇ.

ದೊಡ್ಡ ಮುಳ್ಳಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇವೆ. ನಡುವಿನ ಉದ್ದನೆಯ ತೆಳು ಮುಳ್ಳು ಓಡುತ್ತಿಲ್ಲ, ವಾಚು ಕೆಟ್ಟಿದೆ ಎಂದು ಹೊಸ ವಾಚನ್ನೇ ಹಿಡಿದುಕೊಂಡು ಬರುವವರಿದ್ದಾರೆ. ಅದು ಸ್ಟಾಪ್‌ವಾಚಿನ ಮುಳ್ಳು. ಓಡದೆ ಹನ್ನೆರಡರಲ್ಲಿ ನಿಂತಿರುವುದೇ ಅದಕ್ಕೆ ಸರಿ. ನಿಮ್ಮ ಸೆಕೆಂಡು ಕೆಳಗೋ ಪಕ್ಕಕ್ಕೋ ಇರುವ ಪುಟ್ಟ ಡಯಲಿನಲ್ಲಿ ಓಡುತ್ತಿರುತ್ತದೆ. ಆ ಪುಟ್ಟ ಮುಳ್ಳು ಎರಡೆರಡು ಸೆಕೆಂಡ್ ಹಾರಿ ಹಾರಿ ನಡೆಯತೊಡಗಿದರೆ ಆಗ ಸೆಲ್ ಮುಗಿಯುತ್ತಿದೆ ಎಂದು ಅರ್ಥ. ನೋಡಲು ಚೆಂದ ಎಂದು ದೊಡ್ಡ ಮುಳ್ಳನ್ನು ಹಗಲೂ ರಾತ್ರಿ ಓಡಿಸಿದರೆ ಸೆಲ್ ಬೇಗ ಖಾಲಿಯಾಗುತ್ತದೆ, ಆಗ ನಮ್ಮನ್ನು ಬೈಯಬೇಡಿ. ಇಂಥ ಸಲಹೆಗೆ ನಾವು ಯಾವತ್ತೂ ದುಡ್ಡು ಪಡೆದಿಲ್ಲ, ಮುಂದೆಯೂ ಪಡೆಯುವುದಿಲ್ಲ.

ಈಗ ನೀರು. ಜಗಳವೆಲ್ಲ ಇರುವುದು ಇಲ್ಲೇ.

ಸಾದಾ ವಾಚಿನ ಕೇಸಿಗೆ ಪಕ್ಕದಲ್ಲಿ ಒಂದೇ ತೂತು, ಕೀ ಹೋಗುವುದು. ಕ್ರೋನೊಗ್ರಾಫಿಗೆ ಮೂರು. ಪ್ರತಿ ತೂತಿಗೂ ಸಾಸಿವೆಯಷ್ಟು ರಬ್ಬರ್ ವಾಷರ್, ಹಿಂದಿನ ಮುಚ್ಚಳಕ್ಕೆ ದೊಡ್ಡದೊಂದು. ಬಟನ್ ಒತ್ತಿದಾಗಲೆಲ್ಲ ಅದರ ಕಾಂಡ ವಾಷರನ್ನು ಉಜ್ಜಿಕೊಂಡೇ ಒಳಗೆ ಹೋಗಿ ಬರುತ್ತದೆ. ಬೆವರು, ಸೋಪು, ನಮ್ಮ ಬೋರ್‌ವೆಲ್ಲಿನ ಗಡಸು ನೀರು ಸೇರಿ ಅಲ್ಲಿ ಗಟ್ಟಿ ಕೆಸರು ಕಟ್ಟುತ್ತದೆ. ವರ್ಷಗಟ್ಟಲೆ ಬಟನ್ ಮುಟ್ಟದವರ ವಾಚಿನಲ್ಲಿ ಅದು ಸಿಮೆಂಟಿನ ಹಾಗೆ ಕಚ್ಚಿಕೊಂಡಿರುತ್ತದೆ. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಒಳ್ಳೆ ವಾಚುಗಳಿಗೆ ಬಳಸುವ 316ಎಲ್ ಸ್ಟೀಲಿನಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದು ಉಪ್ಪನ್ನು ತಡೆಯಲೆಂದೇ. ಆದರೂ ಗಾಳಿಯಾಡದ ಸಂದಿಯಲ್ಲಿ ಬೆವರಿನ ಉಪ್ಪು ಕೂತೇ ಇದ್ದರೆ ಅದೂ ಗುಳಿ ಬೀಳುತ್ತದೆ. ಮುಚ್ಚಳ ತೆಗೆದಾಗ ವಾಷರ್ ಕೂರುವ ತೋಡಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ನೀರಿಗೆ ಅಷ್ಟು ದಾರಿ ಸಾಕು.

“100 ಮೀಟರ್ ಅಂತ ಬರೆದಿದೆಯಲ್ಲ, ಕೈ ತೊಳೆದರೆ ನೀರು ಹೇಗೆ ಹೋಯಿತು?” ಎಂದು ಕೇಳುವವರಿಗೆ: ಆ ಅಂಕಿ ಅಷ್ಟು ಆಳಕ್ಕೆ ಮುಳುಗಿ ಎಂದು ಕೊಟ್ಟ ಅನುಮತಿಯಲ್ಲ. ಹೊಸ ವಾಚು, ಹೊಸ ವಾಷರ್ ಇದ್ದಾಗ ಅಲುಗಾಡದೆ ತಡೆದುಕೊಳ್ಳುವ ಒತ್ತಡದ ಲೆಕ್ಕ ಅದು. ದಿನಬಳಕೆಯ ವಾಚುಗಳಿಗೆ ಐಎಸ್‌ಒ 22810 ಎಂಬ ಗುಣಮಟ್ಟವಿದೆ, ಅದೂ ಹೊಸ ವಾಚಿನ ಮಾತೇ. ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿನೀರ ಸ್ನಾನದ ಹಬೆ ತಣ್ಣೀರಿಗಿಂತ ಕೆಟ್ಟದ್ದು. ಇನ್ನು ನೀರೊಳಗೆ ಕೈಯಿಟ್ಟು ಬಟನ್ ಒತ್ತಿದರೆ, ತಯಾರಕರೇ ವಿಶೇಷವಾಗಿ ಒಪ್ಪದ ಹೊರತು, ನೀರನ್ನು ನೀವೇ ಒಳಗೆ ಕರೆದಂತೆ. ಬಟನ್ನನ್ನು ತಿಂಗಳಿಗೊಮ್ಮೆ ಒತ್ತುತ್ತಿರಿ, ಒಳ್ಳೆಯದು; ಆದರೆ ವಾಚು ಒಣಗಿದ್ದಾಗ.

ಹಾಗಾಗಿ ಟೆಸ್ಟ್ ಮಾಡದೆ ಮುಚ್ಚಳ ಹಾಕಿ ಕೊಡುವುದು ಬೇಡ ಎಂದು ನಿರ್ಧರಿಸಿದ್ದೇವೆ. ಅದಕ್ಕೆಂದೇ ತಂದ ಮಷೀನು ಈಗ ಕಿಟಕಿ ಪಕ್ಕದ ಟೇಬಲ್ ಮೇಲಿದೆ, ಬಂದವರು ನೋಡಬಹುದು. ದಪ್ಪ ಅಕ್ರಿಲಿಕ್ ಕೊಳವೆ, ಅರ್ಧ ನೀರು. ವಾಚನ್ನು ನೀರಿನ ಮೇಲೆ ಗಾಳಿಯಲ್ಲಿ ತೂಗುಹಾಕಿ ಪಂಪು ಹೊಡೆಯುತ್ತೇವೆ. ಎಲ್ಲಾದರೂ ಸಂದಿಯಿದ್ದರೆ ಆ ಒತ್ತಡದ ಗಾಳಿ ವಾಚಿನೊಳಗೆ ನುಗ್ಗುತ್ತದೆ. ಕೆಲವು ನಿಮಿಷ ಬಿಟ್ಟು ವಾಚನ್ನು ನೀರಿಗಿಳಿಸಿ, ಒತ್ತಡವನ್ನು ಮೆಲ್ಲಗೆ ಬಿಡುತ್ತೇವೆ. ಒಳಗೆ ಸೇರಿದ ಗಾಳಿ ಆಗ ಹೊರಗೆ ಬರಬೇಕು. ಕೆಳಗಿನ ಬಟನ್ ಬುಡದಿಂದ ಒಂದೇ ಎಳೆಯಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದರೆ ಕಳ್ಳ ಸಿಕ್ಕಿಬಿದ್ದ. ಒತ್ತಡ ಪೂರ್ತಿ ಇಳಿಯುವ ಮೊದಲೇ ವಾಚನ್ನು ಮೇಲೆತ್ತಿಬಿಟ್ಟರೆ ಒಳಗೆ ಹನಿ ನೀರೂ ಹೋಗುವುದಿಲ್ಲ. ನಮ್ಮ ಮಷೀನು 6 ಬಾರ್‌ವರೆಗೆ ಹೋಗುತ್ತದೆ. ನಾವು 5 ಬಾರ್‌ಗೆ ಟೆಸ್ಟ್ ಮಾಡಿ ಚೀಟಿಯಲ್ಲಿ ಅಷ್ಟನ್ನೇ ಬರೆಯುತ್ತೇವೆ. 10 ಬಾರ್ ಎಂದು ಬರೆದುಕೊಡಿ ಎಂದು ಒತ್ತಾಯ ಮಾಡಬೇಡಿ.

ಎರಡು ದಿನ ಯಾಕೆ? ವಾಷರಿನ ಅಳತೆ ವಾಚಿನಿಂದ ವಾಚಿಗೆ ಬೇರೆ. ಕೆಲವು ನಮ್ಮಲ್ಲಿರುತ್ತವೆ, ಉಳಿದವನ್ನು ಬೆಂಗಳೂರಿನಿಂದ ತರಿಸಬೇಕು. ಬಟನ್ ಬಿಚ್ಚಿ ತೊಳೆದು, ಸಿಲಿಕೋನ್ ಗ್ರೀಸ್ ಹಚ್ಚಿ, ಜೋಡಿಸಿ, ಟೆಸ್ಟ್ ಆದ ಮೇಲೆ ಒಂದು ರಾತ್ರಿ ಇಟ್ಟು ಮಾರನೇ ದಿನ ಟೈಮು, ಸ್ಟಾಪ್‌ವಾಚ್ ಎರಡನ್ನೂ ನೋಡುತ್ತೇವೆ. ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಈ ಕೆಲಸ ಮಾಡುವ ಕೈಗಳು ನಮ್ಮಲ್ಲಿ ಎರಡೇ ಜೊತೆ, ಅದು ನಿಮಗೆ ಗೊತ್ತೇ ಇದೆ.

“ನಾನು ನೀರಿಗೆ ಹಾಕಲ್ಲ, ಸುಮ್ನೆ ಸೆಲ್ ಹಾಕಿ ಕೊಡಿ, ಬೇಕಾದ್ರೆ ಬರೆದುಕೊಡ್ತೀನಿ” ಎನ್ನುವವರೂ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಚೀಟಿ ಕಳೆದುಹೋಗುತ್ತದೆ, ಮಳೆಗಾಲ ಬರುತ್ತದೆ, ಬೈಕಿನಲ್ಲಿ ಹೋಗುವಾಗ ವಾಚು ನೆನೆಯುತ್ತದೆ, ಗ್ಲಾಸಿನೊಳಗೆ ಮಂಜು ಕಟ್ಟುತ್ತದೆ. ಆಗ ಮನೆಯವರು ಕೇಳುವುದು ಕೊನೆಯ ಸಲ ಮುಚ್ಚಳ ತೆಗೆದವರು ಯಾರು ಎಂದಷ್ಟೇ. ಯಾರೋ ಹಾಕಿದ ಸೆಲ್ಲಿಗೆ, ಎಂದೋ ಸತ್ತ ವಾಷರಿಗೆ ನಮ್ಮ ಅಂಗಡಿಯ ಹೆಸರು ಕೆಡುವುದನ್ನು ಸಾಕಷ್ಟು ಅನುಭವಿಸಿದ್ದೇವೆ. ಹಾಗಾಗಿ ಈ ವಿಚಾರದಲ್ಲಿ ಹಳಬರು ಹೊಸಬರು ಎಂದು ಭೇದ ಮಾಡುವುದಿಲ್ಲ. ನಮ್ಮ ಸ್ವಂತ ಬಾಮೈದನ ವಾಚೂ ಎರಡು ದಿನ ಇಲ್ಲೇ ಇತ್ತು, ಅವನೂ ಗೊಣಗಿದ.

₹649ರ ಲೆಕ್ಕ ಕೇಳುವವರಿಗೆ: ₹99 ಜಿಎಸ್‌ಟಿ, ಅದು ನಮ್ಮ ಜೇಬಿನದಲ್ಲ. ಉಳಿದ ₹550ರಲ್ಲಿ ಸೆಲ್, ವಾಷರ್, ಗ್ರೀಸ್ ಕಳೆದು ಮಿಕ್ಕಿದ್ದರಲ್ಲಿ ಟೆಸ್ಟ್ ಮಷೀನಿನ ಕಂತು, ಬಾಡಿಗೆ, ಕೂಲಿ. ವಾಚಿನ ಬೆಲೆ ಎಂಟು ಸಾವಿರವಿರಲಿ, ಎಂಬತ್ತು ಸಾವಿರವಿರಲಿ, ಅದರ ಮುಚ್ಚಳಕ್ಕೆ ಬೇಕಾದ ಎಚ್ಚರ ಒಂದೇ. ಟೆಸ್ಟಿನಲ್ಲಿ ಫೇಲಾದರೆ ನಾವೇ ಫೋನ್ ಮಾಡಿ ಬಟನ್ ವಾಷರಿಗೆ ಎಷ್ಟಾಗುತ್ತದೆ ಎಂದು ಹೇಳುತ್ತೇವೆ. ನೀವು ಹೂಂ ಎನ್ನದೆ ಕೈ ಹಾಕುವುದಿಲ್ಲ. ಬೇಡ ಎಂದರೆ ಸೆಲ್ ಮತ್ತು ಮುಚ್ಚಳದ ವಾಷರ್ ದುಡ್ಡು ಮಾತ್ರ ಹಿಡಿದು, ‘ನೀರಿಗೆ ಆಗದು’ ಎಂದು ಚೀಟಿಯಲ್ಲೂ ನಮ್ಮ ಪುಸ್ತಕದಲ್ಲೂ ಬರೆದು ವಾಪಸ್ ಕೊಡುತ್ತೇವೆ. ಪಾಸಾದ ವಾಚಿಗೆ ಒಂದು ವರ್ಷ ನೀರಿನ ಗ್ಯಾರಂಟಿ. ಗ್ಲಾಸು ಒಡೆದದ್ದು, ಕೀ ಎಳೆದಿಟ್ಟು ನೀರಿಗಿಳಿದದ್ದು, ಬೇರೆಯವರು ಮುಚ್ಚಳ ತೆಗೆದದ್ದು ಇದರಲ್ಲಿ ಸೇರುವುದಿಲ್ಲ.

ಇದರ ಜೊತೆಗೇ ಇನ್ನೊಂದು. ಈ ವಾಚುಗಳ ಕೇಸಿಗೆ ಬಫಿಂಗ್, ಅಂದರೆ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುವುದನ್ನೂ ನಿಲ್ಲಿಸಿದ್ದೇವೆ. ಮೇಲ್ಭಾಗ ಗೆರೆಗೆರೆಯ ಮಂದ ಫಿನಿಶ್, ಪಕ್ಕ ಕನ್ನಡಿ ಹೊಳಪು, ನಡುವೆ ಚೂಪು ಅಂಚು, ಸ್ಪೋರ್ಟ್ಸ್ ವಾಚಿನ ಅಂದ ಇರುವುದೇ ಅಲ್ಲಿ. ಚಕ್ರಕ್ಕೆ ಹಿಡಿದರೆ ಫಳಫಳ ಹೊಳೆಯುತ್ತದೆ, ಅಂಚು ಸವೆದು ಹೋಗುತ್ತದೆ. ಚೈನು ಮಾತ್ರ ಮೊದಲಿನಂತೆ ತೊಳೆದು ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಆಟೊಮ್ಯಾಟಿಕ್ ಕ್ರೋನೊಗ್ರಾಫ್, ಅಂದರೆ ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ, 7750 ಎಂಬ ಸ್ವಿಸ್ ಮಷೀನಿನ ಥರದ್ದು ಇರುವವರು ಬೆರಳೆಣಿಕೆಯಷ್ಟು. ಅವಕ್ಕೆ ಸೆಲ್ಲೂ ಇಲ್ಲ, ಈ ರೇಟೂ ಇಲ್ಲ. ಬಿಚ್ಚಿ ನೋಡಿಯೇ ಹೇಳಬೇಕು. ಎಣ್ಣೆಯಿಂದ ಹಿಡಿದು ಸ್ಪ್ರಿಂಗ್‌ವರೆಗೆ ಎಲ್ಲ ಸ್ವಿಟ್ಜರ್‌ಲೆಂಡಿನದು, ಆ ಫ್ರಾಂಕು ಹತ್ತು ವರ್ಷದ ಹಿಂದೆ ಎಪ್ಪತ್ತು ರೂಪಾಯಿಯ ಒಳಗಿತ್ತು, ಈಗ ನೂರು ದಾಟಿದೆ. ರಾತ್ರಿ ಎಂಟರಿಂದ ಬೆಳಗಿನ ಜಾವ ಎರಡರವರೆಗೆ ಅದರ ತಾರೀಖನ್ನು ಕೈಯಿಂದ ತಿರುಗಿಸಬೇಡಿ; ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಮಿಕ್ಕಿದ್ದು ಎದುರಾ ಎದುರು ಮಾತಾಡೋಣ.

ಈಗಾಗಲೇ ನಮ್ಮಲ್ಲಿ ಬಿಟ್ಟಿರುವ ವಾಚುಗಳಿಗೆ, ಈ ತಿಂಗಳ ಕೊನೆಯೊಳಗೆ ತರುವವಕ್ಕೂ ಹಳೇ ರೇಟೇ. ಟೆಸ್ಟ್ ಬೇಕಿದ್ದರೆ ಕೇಳಿ ಮಾಡಿಸಿಕೊಳ್ಳಿ. ಪರೀಕ್ಷೆ ಹಾಲಿಗೆ ಹೋಗುವ ಮಕ್ಕಳಿಗೋ ಡ್ಯೂಟಿಯ ಮೇಲಿರುವ ಡ್ರೈವರು, ನರ್ಸುಗಳಿಗೋ ಎರಡು ದಿನ ಕೈ ಖಾಲಿ ಬಿಡಲು ಆಗದಿದ್ದರೆ, ಬದಲಿಗೆ ಕಟ್ಟಿಕೊಂಡು ಹೋಗಲು ಕೆಲವು ಸಾದಾ ವಾಚು ಇಟ್ಟಿದ್ದೇವೆ. ಬಾಡಿಗೆ ಇಲ್ಲ, ಹೆಸರು ಬರೆಸಿದರೆ ಸಾಕು. ರೇಟಿನ ಬಗ್ಗೆ ಇನ್ನೂ ಸಿಟ್ಟಿದ್ದರೆ ಊರಲ್ಲಿ ಹೇಳಿಕೊಂಡು ತಿರುಗುವ ಮೊದಲು ಒಂದು ಸಲ ಅಂಗಡಿಗೆ ಬನ್ನಿ. ನಿಮ್ಮ ವಾಚನ್ನೇ ನಿಮ್ಮ ಕಣ್ಣೆದುರು ಆ ಕೊಳವೆಗೆ ಇಳಿಸಿ ತೋರಿಸುತ್ತೇವೆ, ನೋಡುವುದಕ್ಕೆ ದುಡ್ಡಿಲ್ಲ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬರಬಹುದು, ಭಾನುವಾರ ರಜೆ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ