ಲಸಿಕೆಯ ಫ್ರಿಜ್ಜಿನಲ್ಲಿದ್ದ ಪರವಾನಗಿ

2025ರ ಆಗಸ್ಟ್ ತಿಂಗಳಿನಲ್ಲಿ ನನ್ನ ವಾಹನ ಚಾಲನಾ ಪರವಾನಗಿ ಎರಡನೆಯ ಬಾರಿಗೆ ನನ್ನ ಕೈಗೆ ಮರಳಿ ಬಂತು. ಮೊದಲ ಬಾರಿ, ಅದಕ್ಕೂ ಒಂದು ವರ್ಷ ಮೊದಲು, ಅದನ್ನು ಹಿಂದಿರುಗಿಸಿದ್ದು ಸಾರಿಗೆ ಕಚೇರಿ. ಎರಡನೆಯ ಬಾರಿ ಹಿಂದಿರುಗಿಸಿದವರು ನಮ್ಮ ಪಶು ಆಸ್ಪತ್ರೆಯ ಡಿ ದರ್ಜೆ ನೌಕರರು. ಈ ಎರಡರ ನಡುವಿನ ಒಂದು ವರ್ಷ ನಾನು ಮದ್ಯವನ್ನೂ ಮುಟ್ಟಲಿಲ್ಲ, ಜೀಪಿನ ಸ್ಟಿಯರಿಂಗನ್ನೂ ಮುಟ್ಟಲಿಲ್ಲ. ಹರಸಿದವರಿಗೆ, ಬೈದವರಿಗೆ, ಏನೂ ಕೇಳದೆ ಸುಮ್ಮನೆ ಬೈಕಿನಲ್ಲಿ ಹತ್ತಿಸಿಕೊಂಡು ಹೋದವರಿಗೆ ನಾಲ್ಕು ಮಾತು ಬರೆಯಬೇಕೆಂದು ಅಂದಿನಿಂದ ಯೋಚಿಸುತ್ತಿದ್ದೆ, ಈಗ ಬರೆಯುತ್ತಿದ್ದೇನೆ.

ಬೀಗರೂಟ ಮುಗಿಸಿ ಬರುವಾಗ ನನ್ನನ್ನು ಪೊಲೀಸರು ತಡೆದ ರಾತ್ರಿಯ ಕಥೆ ಸಾಗರ ಸೀಮೆಯಲ್ಲಿ ಕೇಳದವರಿಲ್ಲವಾದ್ದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ ಎಂಬುದು ಕಾನೂನಿನ ಮಿತಿ, ಉಪಕರಣಕ್ಕೆ ಊದಿದಾಗ ನನ್ನ ಲೆಕ್ಕ ಅದರ ಐದು ಪಟ್ಟಿನ ಸಮೀಪವಿತ್ತು ಎಂದಷ್ಟೇ ಹೇಳಿದರೆ ಸಾಕು. ಆದರೆ ಆ ರಾತ್ರಿ ನನ್ನನ್ನು ಕೆಳಗಿಳಿಸಿದ ಎಳೆಯ ಕಾನ್‌ಸ್ಟೇಬಲ್‌ಗೆ ಇಲ್ಲಿ ಕ್ಷಮೆ ಕೇಳಬೇಕು. ನಾನು "ನಾನ್ಯಾರು ಗೊತ್ತೇನ್ರೀ?" ಎಂದು ದಬಾಯಿಸಿದಾಗ ಅವರು, "ಗೊತ್ತು ಸಾರ್, ನಮ್ಮನೆ ಎಮ್ಮೆಗೂ ನೀವೇ ಔಷಧಿ ಕೊಟ್ಟಿದ್ದು. ಇಳೀರಿ," ಎಂದಿದ್ದರು. ಅಂದು ಉರಿದ ಮಾತು ಈಗ ನೆನೆದರೆ ನಗು ಬರುತ್ತದೆ.

ನ್ಯಾಯಾಲಯದಲ್ಲಿ 10,000 ರೂಪಾಯಿ ದಂಡ ಕಟ್ಟಿದೆ. ಮೊದಲ ತಪ್ಪೆಂದು ಪರವಾನಗಿ ಮೂರು ತಿಂಗಳು ಅಮಾನತಾಯಿತು, ಅವಧಿ ಮುಗಿದ ಮೇಲೆ ಮರುತರಬೇತಿ ಪಡೆದರೆ ಹಿಂದಕ್ಕೆ ಸಿಗುತ್ತದೆಂದು ತಿಳಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಈ ಇಡೀ ವ್ಯವಹಾರದಲ್ಲಿ ಎಲ್ಲಿಯೂ ಯಾರೂ ನಾನು ಕುಡಿಯುವುದನ್ನು ಬಿಡಬೇಕೆಂದು ಕೇಳಲಿಲ್ಲ. ಕಾನೂನಿಗೆ ಬೇಕಾದದ್ದು ನಾನು ಕುಡಿದು ಓಡಿಸದಿರುವುದು ಮಾತ್ರ. ಹಾಗಾಗಿ ಆ ಮೂರು ತಿಂಗಳು ನಾನು ಓಡಿಸುವುದನ್ನು ಬಿಟ್ಟೆ, ಕುಡಿಯುವುದನ್ನು ಬಿಡಲಿಲ್ಲ. ಓಡಿಸುವ ಚಿಂತೆ ತಪ್ಪಿದ್ದರಿಂದ ಇನ್ನಷ್ಟು ಕುಡಿದೆ. ಮಗಳನ್ನು ಕರೆದುಕೊಂಡು ಹೆಂಡತಿ ಶಿರಸಿಯ ತವರಿಗೆ ಹೋದದ್ದು ಆಗಲೇ. ನನ್ನ ಮಗಳ ವಯಸ್ಸಿನ ಹುಡುಗರ ಜೊತೆ ಕುಳಿತು ಸಂಚಾರ ಚಿಹ್ನೆಗಳನ್ನು ಮತ್ತೆ ಕಲಿತು, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಂದ ದಿನ ಸಂಜೆಯೇ ಅದರ ಸಂಭ್ರಮಕ್ಕೆಂದು ಬಾಟಲಿ ತೆರೆದೆ.

ಇಲ್ಲಿಂದ ಮುಂದಿನದು ಬಹುಪಾಲು ಒಬ್ಬರ ಕುರಿತ ಬರಹ. ಅವರು ತಮ್ಮ ಹೆಸರು ಹಾಕಬಾರದೆಂದು ಕೈಮುಗಿದು ಕೇಳಿಕೊಂಡಿದ್ದಾರೆ. ನನಗಿಂತ ಒಂಬತ್ತು ವರ್ಷ ಹಿರಿಯರಾದ ಅವರನ್ನು ನಾನು ಹನ್ನೊಂದು ವರ್ಷ ಏಕವಚನದಲ್ಲಿ ಕರೆದೆ. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಚೀಟಿ ಬರೆದುಕೊಟ್ಟು ಪೇಟೆಯ ವೈನ್ ಶಾಪಿಗೆ ಕಳಿಸಿದೆ. ಅವರ ತಂದೆ ಸಾರಾಯಿಯಿಂದ ಸತ್ತವರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಊರಿನ ಹೆಂಗಸರೆಲ್ಲ ಸಂತೋಷಪಟ್ಟರೆಂದೂ, ತಮ್ಮ ಅಣ್ಣ ಮಾತ್ರ ಅದೇ ತಿಂಗಳು ಬ್ರಾಂದಿಗೆ ತಿರುಗಿ ಮೂರು ವರ್ಷದೊಳಗೆ ಹೋದರೆಂದೂ ಅವರು ನನಗೆ ಹೇಳಿದ್ದರು. ಹೇಳಿದ್ದು ಬಾಟಲಿಯನ್ನು ಮೇಜಿನ ಮೇಲಿಡುತ್ತ, ಮತ್ತು ನಾನು ಕೇಳಿಸಿಕೊಳ್ಳುತ್ತಲೇ ಅದರ ಮುಚ್ಚಳ ತಿರುಗಿಸಿದ್ದೆ. ನಾನು ಕುಡಿದು ಜೀಪು ಓಡಿಸುತ್ತಿದ್ದ ದಿನಗಳಲ್ಲಿ ಅವರು ಪಕ್ಕದ ಸೀಟಿನಲ್ಲಿ ಮುಂದಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು, ಕಣ್ಣು ಮಿಟುಕಿಸದೆ ರಸ್ತೆಯನ್ನೇ ನೋಡುತ್ತ ಕೂರುತ್ತಿದ್ದರು. ಮಾತಾಡುತ್ತಿರಲಿಲ್ಲ.

ಪರವಾನಗಿ ಮರಳಿದ ಸಂಜೆ, ಬಾಟಲಿ ಅರ್ಧಕ್ಕಿಳಿದಾಗ, ಈ ಕ್ಷಣವೇ ಶಿರಸಿಗೆ ಹೋಗಿ ಹೆಂಡತಿ ಮಗಳನ್ನು ಕರೆತರುತ್ತೇನೆಂದು ಕೀಲಿ ಹಿಡಿದು ಹೊರಟೆ. ಜೀಪಿನ ಬಾಗಿಲು ತೆಗೆದರೆ ಸ್ಟಿಯರಿಂಗಿನ ಹಿಂದೆ ಅವರು ಕುಳಿತಿದ್ದರು. ಅವರಿಗೆ ವಾಹನ ಓಡಿಸಲು ಬರುವುದಿಲ್ಲ. ಬೈದೆ, ತೋಳು ಹಿಡಿದೆಳೆದೆ, ಕೆಲಸದಿಂದ ತೆಗೆಸುತ್ತೇನೆಂದೆ. ಅವರು ಒಂದು ಮಾತೂ ಆಡದೆ, ಸುರಿಯುವ ಮಳೆಯಲ್ಲಿ ಬೆಳಗಾಗುವ ತನಕ ಆ ಸೀಟು ಬಿಟ್ಟು ಏಳಲಿಲ್ಲ. ನಾನು ಜಗಲಿಯಲ್ಲೇ ನಿದ್ದೆ ಹೋಗಿದ್ದೆ. ಎದ್ದು ನೋಡಿದಾಗಲೂ ಅವರು ಹಾಗೆಯೇ, ಪರೀಕ್ಷೆಗೆ ಕುಳಿತ ಹುಡುಗನಂತೆ ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಕುಳಿತಿದ್ದರು. ಉಳಿದಿದ್ದ ಬಾಟಲಿಯನ್ನು ಅವರೆದುರೇ ಚರಂಡಿಗೆ ಸುರಿದು, ಪರವಾನಗಿಯನ್ನು ಅವರ ಕೈಗಿತ್ತು, ಒಂದು ವರ್ಷ ನಾನೇ ಕೇಳಿದರೂ ಕೊಡಬೇಡ ಎಂದೆ.

ಅದು ಸುಲಭದ ಭಾಗ. ಮೂರನೆಯ ರಾತ್ರಿಯ ಬಗ್ಗೆ ನಾನು ಇದುವರೆಗೆ ಹೆಂಡತಿಗೂ ಪೂರ್ತಿ ಹೇಳಿಲ್ಲ. ಗಾಳಿ ಮಳೆಗೆ ಕರೆಂಟು ಹೋಗಿತ್ತು, ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು, ಮೈಯೆಲ್ಲ ನಡುಗುತ್ತಿತ್ತು. ಗೋಡೆಯ ಮೇಲೆ ರಕ್ತ ಹೀರುವ ಸಾವಿರಾರು ಉಂಬಳಗಳು ಹಾಸಿಗೆಯತ್ತ ಹರಿದು ಬರುವುದು ನನಗೆ ಕಾಣಿಸತೊಡಗಿತು. ಬೇರೆಯವರಾಗಿದ್ದರೆ ಅಲ್ಲೇನೂ ಇಲ್ಲವೆಂದು ಸಮಾಧಾನ ಹೇಳುತ್ತಿದ್ದರು. ಅವರು ಅಡುಗೆಮನೆಯಿಂದ ಉಪ್ಪಿನ ಭರಣಿ ತಂದು, ಲಾಟೀನಿನ ಬೆಳಕಿನಲ್ಲಿ ಗೋಡೆಯ ಬುಡದುದ್ದಕ್ಕೂ, ಮಂಚದ ಸುತ್ತಲೂ, ಮಳೆಗಾಲದಲ್ಲಿ ತೋಟಕ್ಕೆ ಹೊರಡುವವರು ಕಾಲಿಗೆ ಸವರಿಕೊಳ್ಳುವಷ್ಟೇ ಶ್ರದ್ಧೆಯಿಂದ ಉಪ್ಪು ಉದುರಿಸಿದರು. "ಇನ್ನು ದಾಟೋದಿಲ್ಲ ಸಾರ್," ಎಂದರು. ಅವು ದಾಟಲಿಲ್ಲ.

ಆಮೇಲೆ ಹಸು ಕೂಗಲು ಶುರುವಾಯಿತು. ಅದು ಯಾವ ಹಸುವೆಂದು ನನಗೆ ಗೊತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಹಿನ್ನೀರಿನ ಕಡೆಯ ಒಂದು ಮನೆಯಿಂದ, ಕರು ಅಡ್ಡ ಸಿಕ್ಕಿಕೊಂಡಿದೆ, ಬನ್ನಿ ಎಂದು ರಾತ್ರಿ ಫೋನು ಬಂದಿತ್ತು. ಎದ್ದು ನಿಲ್ಲಲಾರದಷ್ಟು ಕುಡಿದಿದ್ದ ನಾನು ಜೀಪು ಕೆಟ್ಟಿದೆ ಎಂದು ಸುಳ್ಳು ಹೇಳಿ ಫೋನಿಟ್ಟಿದ್ದೆ. ಹಸುವೂ ಕರುವೂ ಉಳಿಯಲಿಲ್ಲ. ಆ ಮೂರನೆಯ ರಾತ್ರಿ ಅದನ್ನೆಲ್ಲ ಕಿರುಚಿ ಹೇಳಿಬಿಟ್ಟೆ. ಅವರು ನನ್ನ ಪಾದಗಳನ್ನು ತಮ್ಮ ತೊಡೆಯ ಮೇಲಿಟ್ಟು ಗೋಣಿಯಿಂದ ಕರು ಒರೆಸುವಂತೆ ಉಜ್ಜುತ್ತಿದ್ದವರು, ತಲೆಯೆತ್ತದೆ ಹೇಳಿದರು: "ನಂಗೊತ್ತು ಸಾರ್. ಅವತ್ತು ನೀವು ಬರಲ್ಲ ಅಂತ ಗೊತ್ತಾದ ಮೇಲೆ ನಾನೇ ನಡ್ಕೊಂಡು ಹೋಗಿದ್ದೆ. ಕೈ ಹಾಕಿ ನೋಡ್ದೆ, ತಿರುಗಿಸೋಕೆ ಬರ್ಲಿಲ್ಲ. ಬೆಳಗಿನ ಜಾವ ಹೋಯ್ತು."

ಒಂದು ವರ್ಷ ಅವರು ಇದನ್ನು ನನಗೆ ಹೇಳಿರಲಿಲ್ಲ. ಏಕೆಂದು ನಾನು ಕೇಳಿಲ್ಲ. ನನ್ನ ಓದು, ನನ್ನ ಸಂಬಳ, ನನ್ನ ಹೆಸರಿನ ಮುಂದಿರುವ ಡಾಕ್ಟರ್ ಎಂಬ ಅಕ್ಷರಗಳು ಎಲ್ಲವೂ ಇದ್ದದ್ದು ಯಾವ ಕೊಟ್ಟಿಗೆಯಲ್ಲಿ ನಿಲ್ಲುವುದಕ್ಕಾಗಿಯೋ ಆ ಕೊಟ್ಟಿಗೆಯಲ್ಲಿ, ಆ ರಾತ್ರಿ, ಏಳನೆಯ ತರಗತಿ ಓದಿದ ಒಬ್ಬ ಮನುಷ್ಯ ನನ್ನ ಬದಲಿಗೆ ನಿಂತಿದ್ದರು. ಇದನ್ನು ಬರೆಯಲು ಎರಡು ದಿನ ಬೇಕಾಯಿತು.

ನಡುರಾತ್ರಿ ಕಳೆದ ಮೇಲೆ ನಾನು ಸಾಕು, ನೀನು ಮನೆಗೆ ಹೋಗು ಎಂದೆನಂತೆ. "ಎಮ್ಮೆ ನೋವು ತಿನ್ನೋವಾಗ ಬಿಟ್ಟು ಎದ್ದು ಹೋಗ್ಬಾರ್ದು ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ?" ಎಂದರಂತೆ. ಬೆಳಗಾದೊಡನೆ ಊರವರನ್ನು ಕರೆತಂದು ಮರ ಕಡಿಸಿ, ಅಡಿಕೆ ಸಾಗಿಸುವ ಪಿಕಪ್‌ನಲ್ಲಿ ನನ್ನನ್ನು ಶಿವಮೊಗ್ಗಕ್ಕೆ ಸಾಗಿಸಿದವರೂ ಅವರೇ. ಅಲ್ಲಿನ ವೈದ್ಯರು ನನ್ನ ಕೆಲಸ ಯಾವುದೆಂದು ತಿಳಿದು ಇನ್ನಷ್ಟು ಗದರಿದರು: ವರ್ಷಗಟ್ಟಲೆ ದಿನನಿತ್ಯ ಕುಡಿದವರು ವೈದ್ಯರ ನಿಗಾ ಇಲ್ಲದೆ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಜೀವವೇ ಹೋಗಬಹುದೆಂಬುದು ನನಗೆ ತಿಳಿದಿರಬೇಕಿತ್ತು. ನನ್ನಂತೆ ಹಟಕ್ಕೆ ಬಿದ್ದು ಒಬ್ಬರೇ ಬಿಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲು ವೈದ್ಯರ ಬಳಿಗೆ ಹೋಗಿ.

ಆಸ್ಪತ್ರೆಯಿಂದ ಬಂದ ಮೇಲೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರಕ್ಕೆ ಸೇರಿದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ನನ್ನನ್ನು ಕಂಡ ಪರಿಚಯದ ರೈತರೊಬ್ಬರು ಉದ್ಘಾಟನೆಗೆ ಬಂದ ಅತಿಥಿಯೆಂದು ತಿಳಿದು ಕುರ್ಚಿ ತಂದಿಟ್ಟರು; ನಾನು ಚಾಪೆ ಸುರುಳಿಯನ್ನು ತೋರಿಸಿದ ಮೇಲೆ, ಒಂದು ಗಳಿಗೆ ಸುಮ್ಮನಿದ್ದು, ತಮ್ಮ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಬೆಳಗಿನ ಯೋಗ, ಭಜನೆ, ಆಪ್ತಸಲಹೆ ಇವೆಲ್ಲದರಲ್ಲಿ ಯಾವುದು ನನಗೆ ಹಿಡಿಸಿತೆಂದು ಹೇಳಲಾರೆ. ನಾನು ಅಷ್ಟೊಂದು ಭಕ್ತನೂ ಅಲ್ಲ. ಆದರೆ ಯಾರ ಹಸುಗಳಿಗೆ ಮದ್ದು ಕೊಟ್ಟಿದ್ದೆನೋ ಅವರ ನಡುವೆ ಕುಳಿತು ನನ್ನ ರೋಗವನ್ನು ನನ್ನ ಬಾಯಿಂದಲೇ ಹೇಳಿದ ಮೇಲೆ, ಮುಚ್ಚಿಡುವ ಕೆಲಸವೊಂದು ತಪ್ಪಿತು. ಎಷ್ಟು ದೊಡ್ಡ ಕೆಲಸವಾಗಿತ್ತು ಅದು!

ಕುಟುಂಬದವರು ಬರುವ ದಿನ ಹೆಂಡತಿ ಮಗಳೊಡನೆ ಬಂದಳು. ಅವಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವಂತಿಲ್ಲ. "ನಂಗೆ ಕೃತಜ್ಞತೆ ಬೇಡ, ಸಂಜೆ ಏಳು ಗಂಟೆಗೆ ಮನೇಲಿರಿ, ಸಾಕು," ಎಂದಿದ್ದಾಳೆ. ಇರುತ್ತಿದ್ದೇನೆ.

ಒಂದು ವರ್ಷ ನನ್ನನ್ನು ಹೊತ್ತು ತಿರುಗಿದ ಬೈಕು ಸ್ಕೂಟರುಗಳ ಯಜಮಾನರಿಗೆ, ನನ್ನ ಪರವಾಗಿ ರಾತ್ರಿ ಕರೆಗಳಿಗೆ ಹೋದ ನೆರೆಯ ಪಶುವೈದ್ಯರಿಗೆ, 1962ಕ್ಕೆ ಕರೆ ಮಾಡಿದಾಗ ಬಂದ ಸಂಚಾರಿ ಚಿಕಿತ್ಸಾ ವಾಹನದ ಸಿಬ್ಬಂದಿಗೆ, ಇಲಾಖೆಯ ವಿಚಾರಣೆಯ ದಿನ ಹೊರಗೆ ಕಾದು ನಿಂತ ತಮ್ಮನಿಗೆ, ಕುಡಿತ ಬಿಟ್ಟವರ ವಾರದ ನವಜೀವನ ಸಭೆಯ ಗೆಳೆಯರಿಗೆ ನಾನು ಋಣಿ. ವಿಶೇಷವಾಗಿ, ಕೃತಕ ಗರ್ಭಧಾರಣೆಯ ದ್ರವ ಸಾರಜನಕದ ಜಾಡಿಯನ್ನು ಅಪ್ಪಿ ಹಿಂದೆ ಕುಳಿತ ನನ್ನನ್ನು ಕೆಸರು ರಸ್ತೆಯಲ್ಲಿ ಒಮ್ಮೆಯೂ ಬೀಳಿಸದೆ ಕರೆದೊಯ್ದ ಸ್ವಸಹಾಯ ಸಂಘದ ಅಕ್ಕನಿಗೆ. ಮತ್ತು ಹಸು ಕಳೆದುಕೊಂಡ ಆ ಮನೆಯವರಿಗೆ. ನಾನು ಅವರಲ್ಲಿಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡಾಗ ಅವರು ಕ್ಷಮಿಸಿದೆವೆಂದು ಹೇಳಲಿಲ್ಲ, ಕಾಫಿ ಕೊಟ್ಟರು. ಮುಂದಿನ ತಿಂಗಳು ಗಬ್ಬದ ಪರೀಕ್ಷೆಗೆ ನನ್ನನ್ನೇ ಕರೆದರು.

ಇನ್ನು ಪರವಾನಗಿಯ ಸಂಗತಿ. ಅದನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಸ್ಪತ್ರೆಯ ಲಸಿಕೆಯ ಫ್ರಿಜ್ಜಿನಲ್ಲಿಟ್ಟಿದ್ದರು, ಬೀಗವಿರುವ ಜಾಗ ಅದೊಂದೇ ಎಂಬ ಕಾರಣಕ್ಕೆ. ಲಸಿಕೆಗಳು 2ರಿಂದ 8 ಡಿಗ್ರಿಯೊಳಗೇ ಇವೆಯೇ ಎಂದು ನೋಡಿ ಬರೆದಿಡುವುದು ನನ್ನ ಬೆಳಗಿನ ಕೆಲಸವಾದ್ದರಿಂದ, ಕಾಲುಬಾಯಿ ಜ್ವರದ ಲಸಿಕೆಯ ಬಾಟಲಿಗಳ ಹಿಂದೆ ನನ್ನದೇ ಮುಖ ದಿನವೂ ಕಾಣುತ್ತಿತ್ತು. ಎರಡು ಬಾರಿ ಕೀಲಿ ಕೇಳಿದ್ದೆ. ಒಮ್ಮೆ ಕೋಪದಿಂದ, ಒಮ್ಮೆ ಅತ್ತು. ಎರಡು ಬಾರಿಯೂ ಅವರು ಕ್ಯಾಲೆಂಡರ್ ತೋರಿಸಿದರು.

ಈ ಬರಹದಲ್ಲಿ ಅವರ ಕುರಿತಾದ ಭಾಗವನ್ನು ನಿನ್ನೆ ಅವರಿಗೆ ಓದಿ ಹೇಳಿದೆ. "ಅವರು ಬಂದರು, ಅವರು ಕುಳಿತರು" ಎಂಬ ಬಹುವಚನ ಕೇಳಿ, "ಇದ್ಯಾರು ಸಾರ್, ನಾನಾ?" ಎಂದು ನಕ್ಕುಬಿಟ್ಟರು.

ವರ್ಷ ತುಂಬಿದ ಬೆಳಿಗ್ಗೆ ಅವರು ಫ್ರಿಜ್ಜಿನ ಬೀಗ ತೆಗೆದು ತಣ್ಣಗಿದ್ದ ಕಾರ್ಡನ್ನು ನನ್ನ ಅಂಗೈಯ ಮೇಲಿಟ್ಟು, ಇನ್ನು ಲಸಿಕೆ ಇಡೋಕೆ ಜಾಗ ಆಯ್ತು ಎಂದರು. ಮಧ್ಯಾಹ್ನವೇ ತುಮರಿಯ ಕಡೆಯಿಂದ ಕರೆ ಬಂತು. ಮೊದಲಾಗಿದ್ದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ನಾನು ಜೀಪು ಮುಟ್ಟದಿದ್ದ ವರ್ಷದಲ್ಲೇ, 2025ರ ಜುಲೈನಲ್ಲಿ, ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿತ್ತು. ಅವರು ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ಕೈ ಮರೆತುಹೋಗಿದೆಯೇನೋ ಎಂಬ ಅಂಜಿಕೆಯಲ್ಲಿ ನಾನು ನಿಧಾನವಾಗಿ ಓಡಿಸುತ್ತಿದ್ದೆ. ಸೇತುವೆಯ ಮೇಲೆ ಬಂದಾಗ, ಎರಡೂ ಕಡೆಯ ನೀರನ್ನು ತೋರಿಸಬೇಕೆಂದು ಅವರತ್ತ ತಿರುಗಿದೆ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಗಾಢ ನಿದ್ದೆಯಲ್ಲಿದ್ದರು.